ಕೌನಾಸಿನಲ್ಲಿ ಸಿಕ್ಕಿದ ಆಯಿಯ ಮಾತು

ಕಳೆದ ವರ್ಷ ನವೆಂಬರಿನ ಒಂದು ರಾತ್ರಿ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಮಗಳ ಫೋನು ಬಂತು. ಅವಳು ಲಿಥುವೇನಿಯಾದ ಕೌನಾಸ್ ಎಂಬ ಊರಿನಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಓದುತ್ತಿದ್ದಾಳೆ. ಚಳಿಗಾಲದಲ್ಲಿ ಅಲ್ಲಿಗೂ ಅಂಕೋಲೆಗೂ ಮೂರೂವರೆ ಗಂಟೆ ವ್ಯತ್ಯಾಸ. ನಮಗೆ ಒಂಬತ್ತೂವರೆ ಅಂದರೆ ಅವಳಿಗೆ ಸಂಜೆ ಆರು, ಆದರೆ ಆಗಲೇ ಗವ್ವೆನ್ನುವ ಕತ್ತಲೆ. ದಿನಾ ಕೇಳುವ "ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡ್ಯಾ" ಎಂಬ ಪ್ರಶ್ನೆಗಳಿಗೆ ನಾನು ತಯಾರಾಗುವ ಮೊದಲೇ ಅವಳು ಕೇಳಿದಳು:

"ಅಮ್ಮಾ, ಆಯಿ ನಾಯಿಗೆ ಏನಂತಿದ್ಲು?"

"ಸುಣೆ ಅಂತಿದ್ಲು. ಯಾಕೇ?"

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಇಲ್ಲಿ ಶುಒ ಅಂತಾರೆ ಅಮ್ಮಾ. ಜಾಸ್ತಿ ನಾಯಿ ಇದ್ರೆ ಶುನೀಸ್. ಇವತ್ತು ನಮ್ಮ ಓನರ್ ಅಜ್ಜಿ ಕಿಟಕಿ ಹತ್ರ ನಿಂತು, ಬೀದಿಯಲ್ಲಿ ಕೂಗಾಡೋ ನಾಯಿ ತೋರಿಸಿ ಶುನೀಸ್, ಶುನೀಸ್ ಅಂದ್ರು. ನಂಗೆ ತಟ್ಟಂತ ಆಯಿ ಕೋಲು ಹಿಡ್ಕೊಂಡು ಅಂಗಳಕ್ಕೆ ಓಡೋದು ನೆನಪಾಯ್ತು."

ನಾನು ನಕ್ಕೆ. ಫೋನಿಟ್ಟ ಮೇಲೆ ಮಾತ್ರ ನಗು ಬರಲಿಲ್ಲ. ಅದರ ಕಾರಣ ಹೇಳಬೇಕಾದರೆ ನಮ್ಮ ಮನೆಯ ಕತೆ ಸ್ವಲ್ಪ ಹೇಳಬೇಕು.

ನನ್ನ ತವರು ಕಾರವಾರದ ಹತ್ತಿರ, ಕಾಳಿ ನದಿಯ ಆಚೆ ಸದಾಶಿವಗಡದ ಕಡೆ. ಮನೆಮಾತು ಕೊಂಕಣಿ. ಮದುವೆಯಾಗಿ ಬಂದದ್ದು ಅಂಕೋಲೆಗೆ, ಕನ್ನಡದ ಮನೆಗೆ. ದೂರ ಅಂದರೆ 35 ಕಿಲೋಮೀಟರಿನ ಆಸುಪಾಸು. ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ ದಾಟಿದರೆ ಕಾರವಾರ ಬಂತು. ಆದರೆ ಭಾಷೆ ಬೇರೆ. ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಊರಿನ ಮಕ್ಕಳಿಗೆಲ್ಲ ಹಳಗನ್ನಡ ಕಲಿಸಿದೆ. ನನ್ನ ಸ್ವಂತ ಮಗಳಿಗೆ ನನ್ನ ತಾಯಿಯ ಭಾಷೆ ಕಲಿಸಲಿಲ್ಲ.

ಯಾರೂ ಬೇಡ ಅಂದಿರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾವನವರು ತಮಾಷೆಗೆ, "ಕೊಂಕಣಿ ಎಂಥಕ್ಕೆ ಮಾರಾಯ್ತಿ, ಮೀನು ಪೇಟೆಯಲ್ಲಿ ಚೌಕಾಶಿ ಮಾಡೋವಷ್ಟು ಬಂದ್ರೆ ಸಾಕು" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ನಾನೂ ಸೇರಿ. ಮಗಳು ಎರಡು ವರ್ಷದವಳಿದ್ದಾಗ ಮಾತು ಸ್ವಲ್ಪ ತಡವಾಯಿತು. ಪರಿಚಯದವರೊಬ್ಬರು "ಮನೆಯಲ್ಲಿ ಎರಡೆರಡು ಭಾಷೆ ಆಡಿದರೆ ಮಗುವಿಗೆ ಗೊಂದಲ" ಅಂದರು. ನಾನು ನಂಬಿದೆ. ಆಮೇಲೆ ಇಂಗ್ಲಿಷ್ ಶಾಲೆ. ಮೂರನೆಯದಕ್ಕೆ ಜಾಗ ಎಲ್ಲಿ? ಹೀಗೆ ಕೊಂಕಣಿ ಎನ್ನುವುದು ನಾನು ಆಯಿಯ ಜೊತೆ ಫೋನಿನಲ್ಲಿ ಆಡುವ ಮಾತಾಗಿ ಉಳಿಯಿತು. ಅದು ಬಿಟ್ಟರೆ, ಮಗಳಿಗೆ ತಿಳಿಯಬಾರದ ಗುಟ್ಟುಗಳಿಗೆ.

ಆಯಿ ಓದಿದ್ದು ನಾಲ್ಕನೇ ಇಯತ್ತೆವರೆಗೆ, ಅದೂ ಮರಾಠಿ ಶಾಲೆಯಲ್ಲಿ. ಕನ್ನಡ ಅವಳಿಗೆ ಬಸ್ಸಿನ ಬೋರ್ಡಿನಷ್ಟೇ ಗೊತ್ತಿತ್ತು. ನನ್ನ ಮಗಳು ಹುಟ್ಟಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವಳು ಕನ್ನಡ ಕಲಿತಳು. ಮೊಮ್ಮಗಳ ಜೊತೆ ಮಾತಾಡಲಿಕ್ಕೆ. "ಊಟ ಮಾಡಿದ್ಯಾ ಪುಟ್ಟಾ" ಎನ್ನುವುದನ್ನು ನನ್ನಿಂದ ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿದಳು. ನಾನು ಕಲಿಸಲಾರದೇ ಹೋದದ್ದಕ್ಕೆ ಅವಳು ತಾನು ಕಲಿತು ಸರಿದೂಗಿಸಿದಳು. ಇದು ನನಗೆ ಆಗ ಹೊಳೆದಿರಲೇ ಇಲ್ಲ.

ಈಗ ಆಯಿಗೆ ಎಂಬತ್ತು ದಾಟಿದೆ. ಎರಡು ವರ್ಷದಿಂದ ಮರೆವು ಹೆಚ್ಚುತ್ತಿದೆ. ಮೊದಲು ಚಾವಿ ಮರೆತಳು, ಆಮೇಲೆ ವಾರ, ತಿಂಗಳು. ಕಳೆದ ಬೇಸಿಗೆಯಲ್ಲಿ ಮಗಳು ಹೊರಡುವ ಮುಂಚೆ ನೋಡಲಿಕ್ಕೆ ಹೋದಾಗ, ಅವಳ ಕನ್ನಡ ಹೋಗಿಬಿಟ್ಟಿತ್ತು. ಮಗಳು "ಆಯಿ, ನಾನು ಬಂದೆ, ಹೆಂಗಿದ್ದೀ" ಅಂದರೆ ನನ್ನ ಮುಖ ನೋಡಿದಳು, ಏನು ಹೇಳುತ್ತಿದೆ ಈ ಹುಡುಗಿ ಎನ್ನುವ ಹಾಗೆ. ಡಾಕ್ಟರು ಹೇಳಿದರು, ಕೆಲವರಲ್ಲಿ ಹೀಗಾಗುತ್ತದೆ, ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತದೆ, ಎಳವೆಯದು ಕೊನೆಯವರೆಗೆ ಉಳಿಯುತ್ತದೆ ಅಂತ. ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಮಂಚದ ಮೇಲೆ ಕೂತಿದ್ದರು, ನಡುವೆ ಸೇತುವೆ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಅಮದಳ್ಳಿಯವರೆಗೆ ಕಿಟಕಿಯ ಆಚೆ ನೋಡುತ್ತಲೇ ಇದ್ದಳು. "ನೀ ನಂಗೆ ಕಲಿಸಬೇಕಿತ್ತು ಅಮ್ಮಾ" ಎಂದು ಒಂದೇ ಮಾತು ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಹಾಗಾಗಿ ಆ ರಾತ್ರಿಯ "ಸುಣೆ" ನನಗೆ ನಿದ್ದೆ ಕೊಡಲಿಲ್ಲ. ಸಮುದ್ರ, ಪರ್ವತ, ಮರುಭೂಮಿ ಎಲ್ಲಾ ದಾಟಿದ ಮೇಲಿನ ಒಂದು ಹಿಮದ ಊರಿನಲ್ಲಿ ನನ್ನ ಮಗಳಿಗೆ ಅವಳ ಅಜ್ಜಿಯ ಶಬ್ದ ಸಿಕ್ಕಿತ್ತು.

ಮರುದಿನದಿಂದ ಶುರುವಾಯಿತು ನೋಡಿ. ಅವಳು ವಿಶ್ವವಿದ್ಯಾಲಯದಲ್ಲಿ ವಾರಕ್ಕೆರಡು ದಿನ ಲಿಥುವೇನಿಯನ್ ತರಗತಿಗೆ ಹೋಗುತ್ತಾಳೆ. ಅಲ್ಲಿ ಕಲಿತ ಶಬ್ದವನ್ನು ರಾತ್ರಿ ನನಗೆ ಹೇಳುವುದು, ನಾನು ಕೊಂಕಣಿಯದನ್ನು ಹೇಳುವುದು. ಅವರ ಹಲ್ಲು ದಾನ್ತಿಸ್, ನಮ್ಮದು ದಾಂತ್. ಅವರ ದೇವರು ದಿಯೆವಾಸ್, ನಮ್ಮವನು ದೇವ್. ಹೊಗೆಗೆ ಅವರು ದೂಮಾಯ್ ಅನ್ನುತ್ತಾರೆ, ಆಯಿ ಧುಂವರ್ ಅನ್ನುತ್ತಾಳೆ. ಏಳಕ್ಕೆ ಸೆಪ್ತೀನಿ, ಸಾತ್. ನೀನು ಎನ್ನಲು ಅವರಿಗೆ ತು, ನಮಗೆ ತೂಂ. ಗಂಡನ ತಮ್ಮನಿಗೆ ಕನ್ನಡದಲ್ಲಿ ಮೈದುನ ಅನ್ನುತ್ತೇವೆ. ಕೊಂಕಣಿಯಲ್ಲಿ ದೇರ್, ಸಂಸ್ಕೃತದಲ್ಲಿ ದೇವೃ, ಲಿಥುವೇನಿಯನ್ನಿನಲ್ಲಿ ದಿಯೆವೆರಿಸ್! ನನ್ನ ಮೈದುನನಿಗೆ ಹೇಳಿದೆ, "ನಿಂಗೆ ಯುರೋಪಿನಲ್ಲೂ ಇದೇ ಹೆಸರಂತೆ ಮಾರಾಯಾ" ಅಂತ. "ಹಾಗಾದ್ರೆ ಅಲ್ಲೂ ಅತ್ತಿಗೆಯ ಕೈ ಅಡುಗೆ ಸಿಗ್ತದಾ ಕೇಳು" ಅಂದ.

ಇಂಥದ್ದನ್ನು ನೀವೂ ವಾಟ್ಸಾಪಿನಲ್ಲಿ ನೋಡಿರಬಹುದು. "ಲಿಥುವೇನಿಯನ್ ಭಾಷೆ ಹುಟ್ಟಿದ್ದೇ ಸಂಸ್ಕೃತದಿಂದ" ಅಂತ ಒಂದು ಸಂದೇಶ ಆಗಾಗ ಸುತ್ತು ಹಾಕುತ್ತದೆ. ಅದು ಸರಿಯಲ್ಲ. ಎಂ.ಎ.ಯಲ್ಲಿ ಓದಿದ ಭಾಷಾವಿಜ್ಞಾನದ ಪುಸ್ತಕವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದೆ. ಸಂಸ್ಕೃತ ತಾಯಿಯಲ್ಲ, ಲಿಥುವೇನಿಯನ್ ಮಗಳಲ್ಲ. ಇಬ್ಬರೂ ದೂರದ ಅಕ್ಕತಂಗಿಯರ ಮಕ್ಕಳು. ಸಾವಿರಾರು ವರ್ಷದ ಹಿಂದೆ ಬರಹವೇ ಇಲ್ಲದ ಕಾಲದಲ್ಲಿ ಒಂದು ಮನೆತನ ಇತ್ತು. ಅದನ್ನು ವಿದ್ವಾಂಸರು ಇಂಡೋ-ಯುರೋಪಿಯನ್ ಎಂದು ಕರೆಯುತ್ತಾರೆ. ಅದರ ಒಂದು ಕವಲು ಈ ಕಡೆ ಬಂದು ಸಂಸ್ಕೃತ, ಪ್ರಾಕೃತಗಳಾಗಿ ಕೊಂಕಣಿ, ಮರಾಠಿಗಳವರೆಗೆ ಇಳಿಯಿತು. ಇನ್ನೊಂದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ನಿಂತಿತು. ಅಲ್ಲಿ ಇವತ್ತು ಉಳಿದ ಬಾಲ್ಟಿಕ್ ಭಾಷೆಗಳು ಎರಡೇ, ಲಿಥುವೇನಿಯನ್ ಮತ್ತು ಲಾಟ್ವಿಯನ್. ಲಾಟ್ವಿಯಾದ ಗಡಿ ದಾಟಿದರೆ ಎಸ್ಟೋನಿಯಾ. ಅವರ ಭಾಷೆ ಬೇರೆಯೇ ಮನೆತನ, ಫಿನ್ಲೆಂಡಿನವರ ಕಡೆಯದು. ಥೇಟ್ ನಮ್ಮ ಅಂಕೋಲೆ–ಕಾರವಾರದ ಹಾಗೆ. ಕನ್ನಡ ದ್ರಾವಿಡ, ಕೊಂಕಣಿ ಆರ್ಯ ಕವಲು. ಬೇಲಿ ಒಂದೇ, ಬೇರು ಬೇರೆ.

ಇಷ್ಟನ್ನು ಅವರು ಹೇಗೆ ಕಂಡುಹಿಡಿದರು? ಎರಡು ಶಬ್ದ ಒಂದೇ ಥರ ಕೇಳಿದರೆ ಸಾಲದು. ಕಾರವಾರದಲ್ಲಿ ಕಿಟಕಿಗೆ ಜನೇಲ್ ಅನ್ನುತ್ತೇವೆ, ಬೇಕರಿಯ ರೊಟ್ಟಿಗೆ ಪಾವ್. ಎರಡೂ ಪೋರ್ಚುಗೀಸಿನಿಂದ ಬಂದವು. ಅದು ನೆರೆಮನೆಯಿಂದ ಎರವಲು ತಂದ ಸೇರು ಅಕ್ಕಿಯಿದ್ದ ಹಾಗೆ, ರಕ್ತಸಂಬಂಧವಲ್ಲ. ಸಂಬಂಧ ಹೇಳಬೇಕಾದರೆ ವ್ಯತ್ಯಾಸದಲ್ಲೂ ಒಂದು ಶಿಸ್ತು ಇರಬೇಕು. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ನಾನು ಹೇಳುತ್ತಿದ್ದ ಉದಾಹರಣೆ ನಿಮಗೂ ಗೊತ್ತಿರಬಹುದು. ತಮಿಳಿನಲ್ಲಿ ಪಾಲ್, ನಮಗೆ ಹಾಲು. ಅಲ್ಲಿ ಪುಲಿ, ಇಲ್ಲಿ ಹುಲಿ. ಅಲ್ಲಿ ಪೂ, ಇಲ್ಲಿ ಹೂ. ಹಳಗನ್ನಡದಲ್ಲಿ ನಮ್ಮವೂ ಪಕಾರವೇ ಆಗಿದ್ದವು. ಒಂದು ಸಲ ಆದರೆ ಆಕಸ್ಮಿಕ, ಸಾಲು ಸಾಲಾಗಿ ಆದರೆ ನಿಯಮ. ಲಿಥುವೇನಿಯನ್ನಿನಲ್ಲೂ ಹಾಗೆ. ಲ್ಯಾಟಿನ್ನಿನಲ್ಲಿ ಹತ್ತಕ್ಕೆ ದೆಕೆಮ್, ನೂರಕ್ಕೆ ಕೆಂತುಮ್, ನಾಯಿಗೆ ಕಾನಿಸ್. ಸಂಸ್ಕೃತದಲ್ಲಿ ದಶ, ಶತ, ಶ್ವನ್. ಲಿಥುವೇನಿಯನ್ನಿನಲ್ಲಿ ದೇಶಿಮ್ತ್, ಶಿಮ್ತಾಸ್, ಶುಒ. ಅಲ್ಲಿ ಕಕಾರ ನಿಂತಲ್ಲೆಲ್ಲ ಇಲ್ಲಿ ಶಕಾರ. ಆಯಿಯ ಅಂಗಳದ ಸುಣೆಯೂ ಇದೇ ಸಾಲಿನಲ್ಲಿ ಬಾಲ ಅಲ್ಲಾಡಿಸುತ್ತ ನಿಂತಿದೆ.

ಈ ಬಗೆಯ ಹೋಲಿಕೆಯ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ಕಾರವಾರದ ನೆರೆಯ ಗೋವೆಯಲ್ಲೇ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ 1583ರಲ್ಲಿ ಗೋವೆಯಿಂದ ತನ್ನ ಸಹೋದರನಿಗೆ ಪತ್ರ ಬರೆದು, ಇಲ್ಲಿಯ ಭಾಷೆಗಳ ಕಟ್ಟಡ ಗ್ರೀಕ್ ಮತ್ತು ಲ್ಯಾಟಿನ್ನಿನ ಹಾಗಿದೆ ಎಂದು ತಿಳಿಸಿದ. ಕೊಂಕಣಿಗೆ ಅವನು ಬರೆದ ವ್ಯಾಕರಣ ಅವನು ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾಯಿತು. ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಹೇಳಿದ್ದು 1786ರಲ್ಲಿ. ಆಮೇಲೆ ಜರ್ಮನಿಯ ಫ್ರಾಂಟ್ಸ್ ಬೋಪ್ 1833ರಿಂದ ಹೊರತಂದ ತೌಲನಿಕ ವ್ಯಾಕರಣದಲ್ಲಿ ಸಂಸ್ಕೃತದ ಜೊತೆ ಲಿಥುವೇನಿಯನ್ನಿಗೂ ಜಾಗ ಸಿಕ್ಕಿತು.

ಯಾಕೆ ಅಷ್ಟು ಮರ್ಯಾದೆ? ಲಿಥುವೇನಿಯನ್ನಿನ ಮೊದಲ ಪುಸ್ತಕ ಅಚ್ಚಾದದ್ದೇ 1547ರಲ್ಲಿ. ವೇದದ ಮುಂದೆ ಅದು ನಿನ್ನೆ ಮೊನ್ನೆಯ ಕೂಸು. ಆದರೂ ಅದರ ಹೊಟ್ಟೆಯೊಳಗೆ ಹಳೆಯ ರೂಪಗಳು ಹಾಗೇ ಕೂತಿದ್ದವು. ಇವತ್ತಿಗೂ ಅದಕ್ಕೆ ಏಳು ವಿಭಕ್ತಿ. ಸಂಬೋಧನೆ ಬೇರೆಯೇ ಇದೆ. ಯೋನಾಸ್ ಎಂಬ ಹುಡುಗನನ್ನು ಕರೆಯುವಾಗ "ಯೋನಾಯ್" ಅನ್ನಬೇಕು. ನಾವು ರಾಮನನ್ನು "ರಾಮಾ" ಅಂತ ಎಳೆದು ಕರೆಯುವ ಹಾಗೆ. ಅಲ್ಲಿ ಆಗ ಜಮೀನ್ದಾರರು, ಓದಿದವರು ಆಡುತ್ತಿದ್ದದ್ದು ಪೋಲಿಷ್. ಲಿಥುವೇನಿಯನ್ ಅಂದರೆ ಹೊಲದಲ್ಲಿ ದುಡಿಯುವವರ ಮಾತು. ವಿದ್ವಾಂಸರು ಹುಡುಕಿಕೊಂಡು ಹೋದದ್ದು ಆ ರೈತರನ್ನೇ. ಆಗಸ್ಟ್ ಶ್ಲೈಖರ್ ಎಂಬ ಪಂಡಿತ 1852ರಲ್ಲಿ ಹಳ್ಳಿಗಳಲ್ಲಿ ಇದ್ದು, ರೈತರ ಜೊತೆ ಮಾತಾಡಿ ಕಲಿತು, 1856–57ರಲ್ಲಿ ವ್ಯಾಕರಣ ಮತ್ತು ಪಾಠಗಳ ಪುಸ್ತಕ ತಂದ. ಆಧುನಿಕ ಭಾಷಾವಿಜ್ಞಾನಕ್ಕೆ ತಳಪಾಯ ಹಾಕಿದವನೆಂದು ನಾವು ಓದಿದ ಸಸ್ಯೂರ್ ಕೂಡ 1890ರ ದಶಕದಲ್ಲಿ ಲಿಥುವೇನಿಯನ್ನಿನ ಸ್ವರಭಾರದ ಮೇಲೆ ಲೇಖನ ಬರೆದ. ಹಳೆಯ ಮೂಲಭಾಷೆ ಕೇಳಬೇಕಾದರೆ ಲಿಥುವೇನಿಯಾದ ರೈತನ ಮಾತು ಕೇಳಿ ಎಂಬ ಅರ್ಥದ ಮಾತು ಫ್ರೆಂಚ್ ಪಂಡಿತ ಮೆಯ್ಯೆಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಇದನ್ನು ಓದುವಾಗ ನನಗೆ ನಮ್ಮದೇ ಜಿಲ್ಲೆ ನೆನಪಾಯಿತು. ಹಾಲಕ್ಕಿ ಒಕ್ಕಲಿಗರ ಮಾತಿನ ಮೇಲೆ ಎ. ಎಸ್. ಆಚಾರ್ಯರ ಪುಸ್ತಕವನ್ನು ಪುಣೆಯ ಡೆಕ್ಕನ್ ಕಾಲೇಜು 1967ರಲ್ಲೇ ಹೊರತಂದಿತ್ತು. ಡಿ. ಎನ್. ಶಂಕರ ಭಟ್ಟರು ಹವ್ಯಕ ಕನ್ನಡದ ವ್ಯಾಕರಣ ಬರೆದರು. ನಾವು ತರಗತಿಯಲ್ಲಿ "ಪೋಪುದು, ಬರ್ಪುದು" ಎಂದು ಹಳಗನ್ನಡ ಪಾಠ ಮಾಡುತ್ತೇವೆ. ಶಿರಸಿ, ಕುಮಟಾ ಕಡೆಯ ಹವ್ಯಕರ ಮನೆಯಲ್ಲಿ "ಹೋಪುದು, ಬಪ್ಪುದು" ದಿನಾ ಚಹಾದ ಜೊತೆ ನಡೆಯುತ್ತದೆ. ಕೊಂಕಣಿಯ ಬೆಳವಣಿಗೆಯ ಮೇಲೆ ಸುಮಿತ್ರ ಮಂಗೇಶ ಕತ್ರೆಯವರ ಪುಸ್ತಕ 1942ರಷ್ಟು ಹಿಂದೆಯೇ ಬಂದಿದೆ. ನಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೂ ಸಾವಿರಾರು ಹಾಡು ಬಾಯಲ್ಲಿ ಇಟ್ಟುಕೊಂಡಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಇವೆಲ್ಲ ನನ್ನ ಕಣ್ಣೆದುರಿಗೇ ಇದ್ದವು. ನಾನು ಮಾತ್ರ ಮೀನು ಪೇಟೆಯ ತಮಾಷೆಗೆ ನಗುತ್ತ ಕೂತಿದ್ದೆ.

ಡಿಸೆಂಬರಿನಲ್ಲಿ ಮಗಳು ಒಂದು ಫೋಟೋ ಕಳಿಸಿದಳು. ಹಳೆಯ ಐದು ಲಿತಾಸ್ ನೋಟು. ಯುರೋ ಬರುವ ಮೊದಲು ಅವರ ದುಡ್ಡು ಅದು. ಒಂದು ಕಡೆ ಭಾಷಾವಿದ್ವಾಂಸ ಯೋನಾಸ್ ಯಬ್ಲೋನ್ಸ್ಕಿಸ್. ನೋಟಿನ ಮೇಲೆ ವ್ಯಾಕರಣ ಬರೆದವನ ಮುಖ! ನಮ್ಮ ಕೇಶಿರಾಜನಿಗೆ ಆ ಭಾಗ್ಯ ಯಾವಾಗಲೋ. ಹಿಂದಿನ ಕಡೆ ಒಂದು ಶಿಲ್ಪ. ತಾಯಿ ಚರಕದ ಮುಂದೆ ಕೂತು ನೂಲುತ್ತಿದ್ದಾಳೆ, ಪಕ್ಕದಲ್ಲಿ ಮಗು ಪುಸ್ತಕ ಹಿಡಿದು ಓದುತ್ತಿದೆ. ಪೆತ್ರಾಸ್ ರಿಮ್ಶಾ ಎಂಬ ಶಿಲ್ಪಿ 1906ರಲ್ಲಿ ಮಾಡಿದ್ದು. ಹೆಸರು "ಲಿಥುವೇನಿಯಾದ ಶಾಲೆ, 1864–1904".

ಆ ನಲವತ್ತು ವರ್ಷ ಏನು ಅಂತ ಕೇಳಿದೆ. ರಷ್ಯದ ಚಕ್ರಾಧಿಪತ್ಯ ಲಿಥುವೇನಿಯನ್ ಭಾಷೆಯನ್ನು ಅದರ ರೋಮನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನು ನಿಷೇಧಿಸಿದ್ದ ಕಾಲವಂತೆ. ಜನ ಗಡಿಯಾಚೆ ಪ್ರಷ್ಯದಲ್ಲಿ ಪುಸ್ತಕ ಅಚ್ಚು ಹಾಕಿಸಿ, ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಸಿಕ್ಕಿಬಿದ್ದವರು ಜೈಲಿಗೆ, ಸೈಬೀರಿಯಾಕ್ಕೆ. ಹಾಗೆ ಬಂದ ಪುಸ್ತಕದಿಂದ ಮನೆಯೊಳಗೆ ತಾಯಂದಿರು ಮಕ್ಕಳಿಗೆ ಅಕ್ಷರ ಕಲಿಸಿದರು. ನಿಷೇಧ ತೆಗೆದ ಮೇ 7ನ್ನು ಅವರು ಇವತ್ತಿಗೂ ಭಾಷೆಯ ದಿನವಾಗಿ ಆಚರಿಸುತ್ತಾರೆ.

ಕೊಂಕಣಿಯವರಿಗೂ ಇಂಥದೊಂದು ಕತೆ ಇದೆ. 1684ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯ್ ಕೊಂಕಣಿ ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸ್ ಕಲಿಯಿರಿ ಎಂದು ಆಜ್ಞೆ ಹೊರಡಿಸಿದ್ದ. ಆದರೂ ಭಾಷೆ ಸಾಯಲಿಲ್ಲ. ಚದುರಿಹೋದ ಕೊಂಕಣಿಗರನ್ನು ಒಟ್ಟು ಸೇರಿಸಲು ಅಖಿಲ ಭಾರತ ಕೊಂಕಣಿ ಪರಿಷತ್ತಿನ ಮೊದಲ ಅಧಿವೇಶನ ನಡೆದದ್ದು ನಮ್ಮ ಕಾರವಾರದಲ್ಲೇ, 1939ರಲ್ಲಿ, ವಕೀಲ ಮಾಧವ ಮಂಜುನಾಥ ಶಾನಭಾಗರ ಮುಂದಾಳತ್ವದಲ್ಲಿ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಸೇರಿತು. 2011ರ ಜನಗಣತಿಯಲ್ಲಿ ಕೊಂಕಣಿಯವರು 22 ಲಕ್ಷಕ್ಕೂ ಮಿಕ್ಕಿ. ಲಿಥುವೇನಿಯಾದ ಇಡೀ ಜನಸಂಖ್ಯೆಯೇ 30 ಲಕ್ಷದೊಳಗೆ. ಪೋರ್ಚುಗೀಸರು ಆಜ್ಞೆ ಹೊರಡಿಸಿ ಮಾಡಲಾಗದ್ದನ್ನು ನಾನು ಯಾವ ಆಜ್ಞೆಯೂ ಇಲ್ಲದೆ ನನ್ನ ಅಡುಗೆಮನೆಯಲ್ಲಿ ಮಾಡಿಬಿಟ್ಟಿದ್ದೆ.

ಜನವರಿಯಿಂದ ವಾರಕ್ಕೆ ಎರಡು ಸಲ ಸದಾಶಿವಗಡಕ್ಕೆ ಹೋಗತೊಡಗಿದೆ. ಒಂದು ಇನ್ನೂರು ಪುಟದ ವಹಿ ತಕ್ಕೊಂಡೆ. ಆಯಿಯ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಂಡೆ. ಸುಂಗಟ, ತಿಸ್ರೆ, ತಾರ್ಲೆ. ಒಲೆಯ ಭಾಗಗಳು, ಮಳೆಯ ಹೆಸರುಗಳು, ಬೈಗುಳ ಕೂಡ. ಬೆಳಿಗ್ಗೆ ಎದ್ದವಳು ಒಂದು ದಿನ "ಸಪನ್ ಪಡ್ಲೆಂ" ಅಂದಳು. ಕನಸು ಬಿತ್ತು ಅಂತ. ಬರೆದುಕೊಂಡು ಮಗಳಿಗೆ ಕಳಿಸಿದೆ. ಲಿಥುವೇನಿಯನ್ನಿನಲ್ಲಿ ಕನಸಿಗೆ ಸಾಪ್ನಾಸ್ ಅಂತೆ. ಶಬ್ದ ದೂರದ ನೆಂಟರದು, ಆದರೆ ಕನಸು "ಬೀಳುವುದು" ಥೇಟ್ ನೆರೆಮನೆಯ ಕನ್ನಡದಲ್ಲಿ ಬೀಳುವ ಹಾಗೆಯೇ. ಎಷ್ಟು ಮಂದಿ ಸೇರಿ ಕಟ್ಟಿದ ಮನೆ ನೋಡಿ, ಈ ಎರಡು ಶಬ್ದದ ವಾಕ್ಯ!

ವಹಿ ಅರ್ಧ ತುಂಬಿದಾಗ ನನಗೆ ಹೆಮ್ಮೆ. ಮಗಳಿಗೆ ಹೇಳಿದೆ, "ಆರುನೂರು ಶಬ್ದ ಆಯ್ತೇ. ಎಲ್ಲಾ ನಿಂಗೇ." ಅವಳು ಸುಮ್ಮನಾದಳು. ಆಮೇಲೆ ತರಗತಿಯಲ್ಲಿ ಕೇಳಿದ ಒಂದು ಸಂಗತಿ ಹೇಳಿದಳು. ಬಾಲ್ಟಿಕ್ ಭಾಷೆಗಳಲ್ಲಿ ಮೂರನೆಯದೊಂದಿತ್ತು, ಪ್ರಾಚೀನ ಪ್ರಷ್ಯನ್. ಜರ್ಮನರು ಆ ನಾಡನ್ನು ಗೆದ್ದರು, ಹೆಸರನ್ನೂ ತಮ್ಮದಾಗಿಸಿಕೊಂಡರು. ಹದಿನೆಂಟನೇ ಶತಮಾನದ ಆರಂಭದ ಹೊತ್ತಿಗೆ ಆ ಭಾಷೆ ಆಡುವವರು ಯಾರೂ ಉಳಿಯಲಿಲ್ಲ. ಉಳಿದದ್ದು ಕೆಲವು ಧರ್ಮಬೋಧೆಯ ಪುಸ್ತಕಗಳು ಮತ್ತು ಒಂದು ಶಬ್ದಗಳ ಪಟ್ಟಿ. 1400ರ ಆಸುಪಾಸು ಯಾರೋ ನಕಲು ಮಾಡಿಟ್ಟದ್ದು, 1825ರಲ್ಲಿ ಸಿಕ್ಕಿತು. ಜರ್ಮನ್ ಶಬ್ದದ ಎದುರಿಗೆ ಪ್ರಷ್ಯನ್ ಶಬ್ದ, ಒಟ್ಟು 802. ಮೊದಲ ಶಬ್ದ ದೇವರು, ಅವರ ಮಾತಿನಲ್ಲಿ "ದೇವಿಸ್".

"ಎಂಟುನೂರ ಎರಡು ಶಬ್ದ ಇದೆ ಅಮ್ಮಾ. ವಿದ್ವಾಂಸರಿಗೆ ಅದು ಚಿನ್ನ. ಆದ್ರೆ ಅದರಲ್ಲಿ ಊಟಕ್ಕೆ ಬಾ ಅಂತ ಕರೆಯೋಕೆ ಒಬ್ರೂ ಇಲ್ಲ."

ಅವಳು ನನ್ನನ್ನು ಚುಚ್ಚಲಿಕ್ಕೆ ಹೇಳಿರಲಿಲ್ಲ. ಆದರೂ ನಾನು ವಹಿ ಮುಚ್ಚಿಟ್ಟೆ. ಯಾರು ಯಾರಿಗೆ ಆಡಲಿಕ್ಕೆ ಬರೆದು ತುಂಬಿಸುತ್ತಿದ್ದೇನೆ? ಹಳೆಯದು ಎನ್ನುವುದರಿಂದ ಯಾವ ಭಾಷೆಯೂ ಉಳಿಯಲಿಲ್ಲ. ಪ್ರಷ್ಯನ್ ಲಿಥುವೇನಿಯನ್ನಿಗಿಂತ ಕಡಿಮೆ ಹಳೆಯದೇನೂ ಆಗಿರಲಿಲ್ಲ. ಒಂದಕ್ಕೆ ಕೊನೆಗೆ ಪಟ್ಟಿ ಸಿಕ್ಕಿತು. ಇನ್ನೊಂದಕ್ಕೆ ಚರಕದ ಮುಂದೆ ಕೂತ ತಾಯಂದಿರು ಸಿಕ್ಕಿದರು.

ಅವತ್ತಿನಿಂದ ನಾನೂ ಮಗಳೂ ಶಬ್ದ ಲೆಕ್ಕ ಹಾಕುವುದು ಬಿಟ್ಟೆವು. ರಾತ್ರಿಯ ಫೋನಿನಲ್ಲಿ ಮೊದಲ ಹತ್ತು ನಿಮಿಷ ಬರೇ ಕೊಂಕಣಿ ಎಂದು ಕರಾರು. ಅವಳ ಕೊಂಕಣಿ ಕೇಳಿದರೆ ನಗು ಬರುತ್ತದೆ. ಕನ್ನಡದ ಎಲುಬಿಗೆ ಕೊಂಕಣಿಯ ಮಾಂಸ. ಅವಳಿಗೆ ಬಹಳ ಕಷ್ಟ ಕೊಟ್ಟದ್ದು ಲಿಂಗ. ಗಂಡಸಿಗೆ ತೊ, ಹೆಂಗಸಿಗೆ ತಿ, ನಪುಂಸಕಕ್ಕೆ ತೆಂ. ನಮ್ಮ ಕಡೆ ಚಿಕ್ಕ ಹುಡುಗಿಯರಿಗೆ ಈ ನಪುಂಸಕವನ್ನೇ ಬಳಸುತ್ತೇವೆ. "ನಾನೇನು ವಸ್ತುವಾ?" ಅಂತ ಜಗಳ ತೆಗೆದಳು. "ಹವ್ಯಕರೂ ಹೆಂಗಸರಿಗೆ ಅದು ಬಂತು ಅನ್ನೋದಿಲ್ಲವಾ, ಬೇಜಾರು ಮಾಡ್ಕೊಳ್ತಾರಾ? ಅದು ಪ್ರೀತಿಯ ಮಾತು" ಅಂತ ಸಮಾಧಾನ ಮಾಡಿದೆ. ನನ್ನ ಯಜಮಾನರು ಪೇಪರ್ ಓದುತ್ತ ಕೇಳುತ್ತಿದ್ದವರು ಈಗ ಮೀನು ಪೇಟೆಯ ಕೊಂಕಣಿಗಿಂತ ಸ್ವಲ್ಪ ಮುಂದೆ ಹೋಗಿದ್ದಾರೆ.

ಅವಳ ಓನರ್ ಅಜ್ಜಿ ಒಂದು ಗಾದೆ ಕಲಿಸಿದರಂತೆ. ದಿಯೆವಾಸ್ ದಾವೇ ದಾನ್ತಿಸ್, ದಿಯೆವಾಸ್ ದುವೊಸ್ ಇರ್ ದುವೊನೋಸ್. ದೇವರು ಹಲ್ಲು ಕೊಟ್ಟಿದ್ದಾನೆ, ರೊಟ್ಟಿಯನ್ನೂ ಕೊಡುತ್ತಾನೆ. ಸಂಸ್ಕೃತದ ಜೊತೆ ಹೋಲಿಸಲು ಪಂಡಿತರು ಮೊದಲು ಎತ್ತಿಕೊಳ್ಳುವ ವಾಕ್ಯ ಅದೇ. ನಾನು ಅಂದೆ, "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ನಿನ್ನ ಅಪ್ಪನ ಅಮ್ಮ ಹೇಳ್ತಿದ್ರಲ್ಲ, ಅದೇ ಇದು." ಆ ಗಾದೆಗೆ ಯಾವ ಧ್ವನಿನಿಯಮವೂ ಇಲ್ಲ, ರಕ್ತಸಂಬಂಧವೂ ಇಲ್ಲ. ಹಸಿವೆ ಕಂಡ ಅಜ್ಜಿಯರು ಎಲ್ಲಾ ಕಡೆ ಒಂದೇ ಥರ ಸಮಾಧಾನ ಹೇಳಿದ್ದಾರೆ, ಅಷ್ಟೆ.

ಕಳೆದ ತಿಂಗಳು ಒಂದು ಭಾನುವಾರ ಆಯಿಯ ಹತ್ತಿರ ಕೂತಿದ್ದಾಗ ವಿಡಿಯೊ ಕಾಲ್ ಮಾಡಿದೆ. ಆಯಿಯ ಕೈಯಲ್ಲಿ ಫೋನ್ ಕೊಟ್ಟೆ. ತೆರೆಯ ಮೇಲೆ ಉಣ್ಣೆಟೊಪ್ಪಿ ಹಾಕಿದ ಹುಡುಗಿ. ಆಯಿ ತುಂಬ ಹೊತ್ತು ನೋಡಿದಳು.

"ಹೆಂ ಕೋಣ್ ಗೋ?" ನನ್ನನ್ನು ಕೇಳಿದಳು. ಇದು ಯಾರೇ?

ನಾನು ಬಾಯಿ ತೆರೆಯುವ ಮೊದಲೇ ಫೋನಿನಿಂದ ಉತ್ತರ ಬಂತು. ನಿಧಾನವಾಗಿ, ಒಂದೊಂದೇ ಶಬ್ದ ಇಟ್ಟು ದಾಟುವ ಹಾಗೆ.

"ಹಾಂವ್, ಆಯೀ. ಹಾಂವ್ ತುಜ್ಯಾ ಧುವೆಚಿ ಧೂವ್."

ನಾನು, ಆಯೀ. ನಿನ್ನ ಮಗಳ ಮಗಳು. ಸಂಸ್ಕೃತದ ದುಹಿತೃ ಸವೆದು ಸವೆದು ನಮ್ಮಲ್ಲಿ ಧೂವ್ ಆಗಿದೆ. ಲಿಥುವೇನಿಯನ್ನಿನಲ್ಲಿ ಅದು ದುಕ್ತೇ. ಇದನ್ನು ಮಗಳು ಮೊದಲೇ ನನಗೆ ಹೇಳಿದ್ದಳು, ಆದರೆ ಆ ಹೊತ್ತಿಗೆ ನನಗೆ ಅದೊಂದೂ ನೆನಪಾಗಲಿಲ್ಲ.

ಆಯಿಗೆ ಗುರುತು ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ. ಹೆಸರು ಅವಳು ಹೇಳಲಿಲ್ಲ. ಆದರೆ ಮುಖದ ಗಂಟು ಸಡಿಲವಾಯಿತು. ಫೋನನ್ನು ಕಿವಿಗೆ ಹಚ್ಚಿಕೊಂಡಳು, ಚಿತ್ರ ನೋಡಬೇಕು ಎನ್ನುವುದನ್ನು ಮರೆತು.

"ಜೆವ್ಲೆಂ ಗೋ?" ಅಂದಳು. ಊಟ ಆಯ್ತೇನೇ?

ಕಿವಿಗೆ ಅಂಟಿದ ಫೋನಿನಿಂದ ನನ್ನ ಮಗಳ ದನಿ ಸಣ್ಣಗೆ ಕೇಳಿತು. ಲಿಂಗ, ಪ್ರತ್ಯಯ ಯಾವುದೂ ತಪ್ಪಿರಲಿಲ್ಲ.

"ಜೆವ್ಲೆಂ, ಆಯೀ."